ಉಮಾಬಾಯಿಯ ಅಳತೆ

“ಏ ಏ ಏ, ಅಲ್ಲೇ ನಿಂದ್ರು! ಟೇಪ ಹಿಡಕೊಂಡ ಮೈಮ್ಯಾಗ ಬರ್ತಿ ಏನ? ಇವತ್ತ ಸೋಮವಾರ, ನನ್ನ ಪೂಜಾ ಆಗೇದ.”

ಉಮಾಬಾಯಿ ಸೆರಗು ಬಿಗಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಹೋದ ಸಲ ಗುರುವಾರ ಬಂದಿದ್ದರು. ಅಂದೂ ಪೂಜೆ ಆಗಿತ್ತು. ಈಕೆಯ ಪೂಜೆ ಆಗದ ದಿನ ಯಾವುದೆಂದು ಆ ಶಿವನಿಗೇ ಗೊತ್ತು.

ಉಮಾಬಾಯಿ ಸೊಲ್ಲಾಪುರದ ನೂಲಿನ ವ್ಯಾಪಾರಿಯ ಹೆಂಡತಿ, ನಮ್ಮ ಮಹಿಳಾ ಮಂಡಳದ ಅಧ್ಯಕ್ಷೆ. ಎಪ್ಪತ್ತೈದನೆಯ ಇಸವಿ ಮಹಿಳೆಯರ ವರ್ಷವಂತೆ, ಅದಕ್ಕೇ ಬಾಗಿಲಿಗೆ ಹೊಸ ಬೋರ್ಡು: ಪೀಡಿತ ಮಹಿಳೆಯರ ಶಿವಣ ಕ್ಲಾಸು. ಗಂಡ ಸುಟ್ಟವಳು, ಅತ್ತೆ ಹೊರಹಾಕಿದವಳು, ನನ್ನಂಥವಳು, ಹೀಗೆ ಹನ್ನೊಂದು ಜನ ಅಲ್ಲೇ ಉಂಡು ಮಲಗಿ ಹೊಲಿಗೆ ಕಲಿಯುತ್ತಿದ್ದೆವು. ನನ್ನಂಥವಳು ಅಂದರೆ ಏನೆಂದು ಬಿಡಿಸಿ ಹೇಳಬೇಕೇ? ನಮ್ಮೂರು ತಡವಳದಲ್ಲಿ ಸಾತಲಿಂಗಪ್ಪ ಪಾಟೀಲನ ಹೊಲಕ್ಕೆ ಜೋಳ ಕೊಯ್ಯಲು ಹೋದವಳನ್ನು ಅವನು ಕಣದ ಗುಡಿಸಲಿಗೆ ಎಳೆದ. ಪೊಲೀಸ ಫೌಜದಾರನ ಹತ್ತಿರ ಹೋದರೆ “ಹೊಲಗೇರಿ ಹುಡುಗಿ, ತಾನ ಹೋಗಿರ್ತಾಳ” ಎಂದು ನಕ್ಕು ಚಹಾ ಕುಡಿದ. ನಾನು ಊರು ಬಿಡುವ ದಿನ ಪಾಟೀಲ ಕೇರಿಯ ಮುಂದೆ ನಿಂತು ಹೇಳಿದ್ದ: “ಹೋಗಲೇ ರಂಡಿ. ತಿರಗಿ ಬರಲಾರದ ಎಲ್ಲಿ ಹೋಗ್ತಿ? ಅದೇ ಗುಡಸಲ ಕಾದಿರ್ತದ.”

ಪರೀಕ್ಷೆ ಪಾಸಾದರೆ ಸರ್ಟಿಫಿಕೇಟು, ಮಂಡಳದಲ್ಲೇ ಹೊಲಿಗೆ ಕೆಲಸ, ಮಲಗಲು ಜಾಗ. ನಪಾಸಾದರೆ ನನ್ನ ಜಾಗ ಬೇರೆಯವಳಿಗೆ, ನಾನು ತಡವಳಕ್ಕೆ. ಪ್ರತಿಯೊಬ್ಬಳೂ ಮಂಡಳದ ಸದಸ್ಯೆ ಬಾಯಿಯೊಬ್ಬರ ಮೈಯಳತೆ ತೆಗೆದು ಸೀರೆಗೆ ತೊಡುವ ಝಂಪರ ಹೊಲಿಯಬೇಕು, ಆ ಬಾಯಿ ಅದನ್ನು ತೊಟ್ಟು ಪರೀಕ್ಷಕಿಯ ಮುಂದೆ ನಿಲ್ಲಬೇಕು. ಖಣದ ಬಟ್ಟೆಯೂ ಅವರದು, ಹೊಲಿದ ಝಂಪರವೂ ಅವರಿಗೇ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಉಮಾಬಾಯಿ. ನನ್ನ ಹಣೆಬರಹ!

“ಮುಟ್ಟಲಾರದ ಅಳತಿ ಹ್ಯಾಂಗ ತಗೋಲ್ರಿ ಬಾಯಿ?” ಎಂದೆ.

“ಇದರ ಮ್ಯಾಲ ತಗೋ.” ಒಂದು ಹಳೆಯ ಝಂಪರವನ್ನು ಮೇಜಿನ ಮೇಲೆ ಎಸೆದರು. “ನಾವೇನ ಜಾತಿಗೀತಿ ಮಾಡೂ ಮಂದಿ ಅಲ್ಲ ಮತ್ತ. ಮಾಡತಿದ್ರ ನಿನ್ನ ಒಳಗ ಬಿಡತಿದ್ದಿವೇನು?”

“ನಾ ಹೊಲದದ್ದ ಮೈಮ್ಯಾಗ ಹಾಕೋತೀರಲ್ರಿ?”

“ಅರಿವಿ ತೊಳದ್ರ ಶುದ್ಧ ಆಗ್ತದ.”

ಪಾಟೀಲನಿಗೆ ನನ್ನ ಮೈ ಮುಟ್ಟಲು ಯಾವ ಪೂಜೆಯೂ ಅಡ್ಡ ಬಂದಿರಲಿಲ್ಲ ಎನ್ನಬೇಕೆನಿಸಿತು. ಝಂಪರ ತಿರುವಿ ನೋಡಿದೆ. ಬಗಲಿನ ಹೊಲಿಗೆಯನ್ನು ಒಮ್ಮೆ ಬಿಚ್ಚಿ ಸಡಿಲ ಮಾಡಿದ್ದರು. ಇನ್ನು ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಬಾಯಿ ಇದನ್ನು ತೊಟ್ಟು ವರ್ಷಗಳೇ ಆಗಿರಬೇಕು.

“ಬಾಯಿ, ಇದು ಈಗ ನಿಮಗ ಆಗ್ತದೇನ್ರಿ?”

“ಆಗಲಾರದೇನು? ನಾ ಏನ ಡೋಲ ಆಗೀನೇನ?”

ಉಳಿದ ಬಾಯಿಗಳು ಕಿಸಕ್ಕನೆ ನಕ್ಕರು. ಹೊಲಿಗೆ ಕಲಿಸುವ ಗಿರಿಜಾಬಾಯಿ ಕಣ್ಸನ್ನೆ ಮಾಡಿ, “ಸುಮ್ಮಕಿರ ಸುಗಲಾ, ಹೇಳಿದಷ್ಟ ಮಾಡ” ಎಂದರು. ಹೇಳಿದಷ್ಟೇ ಮಾಡಿದೆ. ಎದೆ ಮೂವತ್ತಾರು ಇಂಚು. ಆದರೂ ಮನಸ್ಸು ಕೇಳದೆ ಎರಡೂ ಬಗಲಲ್ಲಿ ಒಳಗೆ ಹೆಚ್ಚಿನ ಬಟ್ಟೆ ಮಡಚಿ ಬಿಟ್ಟೆ.

ಪರೀಕ್ಷೆಯ ದಿನ ಉಮಾಬಾಯಿ ಝಂಪರ ತೊಟ್ಟು ಪರದೆಯ ಹಿಂದಿನಿಂದ ಬಂದರು. ಉಸಿರು ಹಿಡಿದಿದ್ದರು. ಪರೀಕ್ಷಕಿ ಸೆರಗು ಸರಿಸಿ ನೋಡಿದರೆ ಮೂರು ಹುಕ್ಕು ಕೂಡಿಯೇ ಇರಲಿಲ್ಲ.

“ಮಾಪ ಕುಣೀ ಘೇತಲಂ?” ಎಂದು ಮರಾಠಿಯಲ್ಲಿ ಗದರಿ, ನನ್ನ ಮುಖ ನೋಡಿ ಕನ್ನಡದಲ್ಲೂ ಕೇಳಿದಳು, “ಅಳತಿ ಯಾರ ತಗೊಂಡವರು?”

“ಇಕೀನ,” ಎಂದರು ಉಮಾಬಾಯಿ. “ನಾ ಅರ್ಧಾ ತಾಸ ಕೈ ಎತ್ತಿ ನಿಂತಿದ್ದೆ. ಟೇಪ ಓದಾಕ ಬರಲಿಲ್ಲಂದ್ರ ನಾ ಏನ ಮಾಡ್ಲಿ?”

ಗಿರಿಜಾಬಾಯಿಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವರ ನೌಕರಿಯೂ ಉಮಾಬಾಯಿಯ ಕೈಯಲ್ಲೇ ಇತ್ತು.

“ಒಳಗ ಅರಿವಿ ಬಿಟ್ಟೀನ್ರಿ ಬಾಯಿ. ಹತ್ತ ಮಿನಿಟ ಕೊಡ್ರಿ, ಬಿಚ್ಚಿ ಹೊಲದ ಕೊಡ್ತೀನಿ. ನಿಮ್ಮ ಕಾಲ ಬೀಳ್ತೀನಿ,” ಎಂದೆ ಪರೀಕ್ಷಕಿಗೆ.

“ಅದ ನಡಿಯೂದಿಲ್ಲ. ಅಳತಿ ತಗೋಳಾಕ ಬರ್ತದೋ ಇಲ್ಲೋ, ಈಗ ನನ್ನ ಮುಂದ ತೋರಸು.”

“ಅಯ್ಯ, ನನಗ ಚಕ್ಕರ ಬರಾಕತ್ತೇದ,” ಉಮಾಬಾಯಿ ಕುರ್ಚಿ ಹಿಡಿದರು. “ಗಿರಿಜಾಬಾಯಿ, ನೀ ತಗೋ. ಇಕಿ ದೂರ ನಿಂತ ಬರಕೋತಾಳ.”

“ಹಂಗಾರ ನಪಾಸ ಬರೀಲೇನು?” ಪರೀಕ್ಷಕಿ ಪೆನ್ನು ಎತ್ತಿದಳು.

ಹಾಳಾಗಿ ಹೋಗಲಿ ಎನಿಸಿತು. ಹೋದೆ, ಉಮಾಬಾಯಿಯ ಎರಡೂ ಬಗಲ ಕೆಳಗೆ ಕೈ ಹಾಕಿ ಟೇಪು ಸುತ್ತಿದೆ. ಅವರು ಶಿವಶಿವಾ ಎಂದು ಚೀರಿದರು. ನಾನು ಬಿಡಲಿಲ್ಲ. ಕಲಿಸಿದ ಹಾಗೆ ಟೇಪಿನೊಳಗೆ ಎರಡು ಬೆರಳಿಟ್ಟು, ಬಿಗಿಯದೆ ಓದಿದೆ.

“ನಲವತ್ತ ಇಂಚ! ಬರಕೋರಿ ಬಾಯಿ!”

ಉಮಾಬಾಯಿಯ ಕೈ ನನ್ನ ಕಪಾಳಕ್ಕೆ ಬಿತ್ತು. “ಹೊಲತಿ! ಉಂಡ ಮನಿ ಜಂತಿ ಎಣಸ್ತಿ ಏನ? ಬಿಸಿನೀರ ಕಾಸ್ರಿ, ಜಳಕ ಮಾಡಬೇಕ ನಾ!”

“ನಲವತ್ತ ಇಂಚ್ರಿ,” ಮತ್ತೆ ಹೇಳಿದೆ.

ಪರೀಕ್ಷಕಿ ಉಮಾಬಾಯಿಯ ಮುಖ ನೋಡಿದಳು, ಅಂಗಳದಲ್ಲಿದ್ದ ಅವರ ಮೋಟಾರು ನೋಡಿದಳು. ಪೆನ್ನಿನ ಟೊಪ್ಪಿಗೆ ಹಾಕಿದಳು. “ಇದ ನಿಮ್ಮ ಮಂಡಳದ ಮಾತ. ನೀವ ನೀವ ನೋಡ್ಕೋರಿ,” ಎಂದು ಮುಂದಿನ ಹುಡುಗಿಯನ್ನು ಕರೆದಳು.

ಮಧ್ಯಾಹ್ನ ಜವಾನ ಮಲ್ಲಯ್ಯ ನನ್ನನ್ನೂ ನನ್ನ ಟ್ರಂಕನ್ನೂ ನಮ್ಮೂರ ಕಡೆಯ ಅಕ್ಕಲಕೋಟದ ಬಸ್ಸಿಗೆ ಹತ್ತಿಸಿದ. ಹತ್ತಿಸಿಯೇ ಬರಬೇಕೆಂದು ಅವನಿಗೆ ಉಮಾಬಾಯಿಯ ಹುಕುಂ ಆಗಿತ್ತು. ಪಾಪ, ಅವನೂ ತಲೆ ಎತ್ತಲಿಲ್ಲ.

“ಎಲ್ಲಿಗಿ?” ಎಂದ ಕಂಡಕ್ಟರ್.

ತಡವಳ ಎನ್ನದೆ ಕಿಟಕಿಯ ಕಡೆ ತಿರುಗಿದೆ. ಅವನು ಹಿಂದಿನವರಿಗೆಲ್ಲ ತಿಕೀಟು ಹರಿದು ಮತ್ತೆ ಬಂದ. ಸೊಲ್ಲಾಪುರ ಹಿಂದೆ ಬಿದ್ದಿತ್ತು.

“ಏನ ಬೇ, ಮೂಕಿ ಇದ್ದಿ ಏನ? ಊರ ಹೆಸರ ಹೇಳ, ಇಲ್ಲಂದ್ರ ಇಲ್ಲೇ ಇಳಸ್ತೀನಿ ನೋಡು.”

“ಇಳಸ್ರಿ,” ಎಂದೆ.

ಅವನು ಬೈಯುತ್ತ ಗಂಟೆ ಹೊಡೆದ. ನಡುರಸ್ತೆಯಲ್ಲಿ ಇಳಿದೆ, ಟ್ರಂಕು ಮೇಲಿಂದ ಧೊಪ್ಪೆಂದು ಬಿತ್ತು. ಬಸ್ಸು ಹೋದ ಮೇಲೂ ಟ್ರಂಕಿನ ಮೇಲೆ ಕೂತೇ ಇದ್ದೆ.