ಮಾಲೀಕರ ರುಜು

ಹಾಸನದ ಬ್ಯಾಂಕಿನ ಕ್ರೆಡಿಟ್ ಕಾರ್ಡು ವಿಭಾಗಕ್ಕೆ ಯೋಗಾನರಸಿಂಹ ಭಟ್ಟರು ಬಂದದ್ದು ಅದು ನಾಲ್ಕನೆಯ ಸಲ. ಹೊಳೆನರಸೀಪುರದಿಂದ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮುರಿದು ಕೂಡಿಕೊಂಡ ಬಲಮೊಣಕೈ ಇನ್ನೂ ಪೂರ್ತಿ ಚಾಚುತ್ತಿರಲಿಲ್ಲ; ಕೈಚೀಲ ಎಡಹೆಗಲಿನಲ್ಲಿತ್ತು. ಚೀಲದೊಳಗೆ, ಮಡಿಕೆ ಕೆಡದಂತೆ ಪಂಚಾಂಗದ ನಡುವೆ ಇಟ್ಟ ಒಂದು ಛಾಪಾ ಕಾಗದವಿತ್ತು. ಅದನ್ನು ಕೊಡುವುದೋ ಬಿಡುವುದೋ ಎಂಬುದು ದಾರಿಯುದ್ದಕ್ಕೂ ತೀರ್ಮಾನವಾಗಿರಲಿಲ್ಲ.

ಎರಡು ವರ್ಷಗಳ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ನಂಜುಂಡೇಶ್ ಎಂಬ ಏಜೆಂಟು ದೇವಸ್ಥಾನಕ್ಕೇ ಬಂದು, ಮಂಗಳಾರತಿ ತೆಗೆದುಕೊಂಡು, ತಟ್ಟೆಗೆ ಹತ್ತು ರೂಪಾಯಿ ಹಾಕಿ, ಹೊರಜಗಲಿಯಲ್ಲಿ ಕುಳಿತು ಅರ್ಜಿ ತುಂಬಿಸಿಕೊಂಡಿದ್ದ. ಭಟ್ಟರ ಠೇವಣಿಯ ಆಧಾರದ ಮೇಲೆ ಕಾರ್ಡು. ಕಾರ್ಡಿನ ಜೊತೆಗೊಂದು ವಿಮೆ.

"ತಿಂಗ್ಳಿಗೆ ನೂರೆಂಬತ್ರುಪಾಯಿ ಅಷ್ಟೆ ಐನೋರೆ. ಕೈಕಾಲು ಮುರ್ದು ಕೆಲ್ಸ ನಿಂತೋದ್ರೆ, ಕಾರ್ಡಿನ ಬಾಕಿನೆಲ್ಲ ಇನ್ಸೂರೆನ್ಸ್‌ನೋರೇ ಕಟ್ತಾರೆ."

"ನಮ್ಮಂಥ ಅರ್ಚಕರಿಗೂ ಅದು ಬರುತ್ತೇನಪ್ಪ?"

"ಎಲ್ರಿಗೂ ಬತ್ತದೆ. ದೇವ್ರ ಎದುರ್ಗೆ ಸುಳ್ ಏಳ್ತೀನಾ?"

ದೇವರ ಎದುರಿಗೆ ಆಡಿದ ಮಾತನ್ನು ಮತ್ತೆ ಕಾಗದದಲ್ಲಿ ಓದಿ ನೋಡುವುದು ಭಟ್ಟರಿಗೆ ಮರ್ಯಾದೆಯೆನಿಸಲಿಲ್ಲ. ಸಹಿ ಹಾಕಿದರು.

ಈ ವರ್ಷದ ಮಾಘದಲ್ಲಿ ಅಭಿಷೇಕದ ಕೊಡ ಹೊತ್ತು ಬರುವಾಗ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ಆಸ್ಪತ್ರೆಯ ಇಪ್ಪತ್ತೆರಡು ಸಾವಿರ ಕಾರ್ಡಿನಿಂದಲೇ ಹೋಯಿತು. ಆ ದೇವಸ್ಥಾನದ ಪೂಜೆ ಎರಡು ಮನೆಗಳಿಗೆ ಸೇರಿದ್ದು. ಸಂಕ್ರಾಂತಿಯಿಂದ ಆರು ತಿಂಗಳು ಭಟ್ಟರ ಸರದಿ, ಆಮೇಲಿನ ಆರು ತಿಂಗಳು ದಾಯಾದಿ ಕೇದಾರನದು. ಕೈ ಮುರಿದಾಗ ಭಟ್ಟರು ಆಸ್ಪತ್ರೆಯ ಮಂಚದಿಂದಲೇ "ನನ್ನದನ್ನೂ ನಡೆಸಿಕೊಂಡು ಹೋಗಪ್ಪ" ಎಂದಿದ್ದರು, ಅವನು "ಆಗಲಿ ಅಣ್ಣಯ್ಯ" ಎಂದಿದ್ದ. ಆ ಎರಡು ಮನೆಗಳಲ್ಲಿ ಸರದಿಯನ್ನು ಬಿಟ್ಟುಕೊಡುವುದೂ ಹಿಂದಕ್ಕೆ ತೆಗೆದುಕೊಳ್ಳುವುದೂ ಬಾಯಿಮಾತಿನಲ್ಲೇ. ಬರೆದರೆ ಅದು ಹಕ್ಕಾಗಿ ನಿಲ್ಲುತ್ತದೆಂದು ಮೂರು ತಲೆಮಾರಿನಿಂದ ಯಾರೂ ಬರೆದಿರಲಿಲ್ಲ.

ವಿಮೆ ಕೇಳಲು ಮೊದಲ ಸಲ ಬಂದಾಗ ಇಲ್ಲಿನ ಅಧಿಕಾರಿ ಷಡಕ್ಷರಿ ಕಡತ ತಿರುವಿ ಹೇಳಿದ್ದ: "ಈ ಪಾಲಿಸಿ ಸಂಬಳದೋರಿಗೆ ಸ್ವಾಮಿ. ಇವರನ್ನ ಕೆಲಸದಿಂದ ತೆಗೆದಿದೀವಿ ಅಂತ ನಿಮ್ಮ ಮಾಲೀಕರು ಬರೆದುಕೊಡಬೇಕು."

"ನನಗೆ ಮಾಲೀಕರು ಯಾರು?"

"ಅದನ್ನ ನನ್ನ ಕೇಳಿದ್ರೆ? ಆ ದೇವರನ್ನೇ ಕರ್ಕೊಂಡು ಬಂದು ರುಜು ಹಾಕಿಸ್ತೀರಾ ನೋಡಿ."

ಪಕ್ಕದ ಕುರ್ಚಿಯವರು ನಕ್ಕಿದ್ದರು. ಭಟ್ಟರು ತಾಲ್ಲೂಕು ಕಚೇರಿಗೆ ಹೋದರು. ಸರ್ಕಾರ ಪೂಜೆಯ ಖರ್ಚಿಗೆ ಹಣ ಕೊಡುವುದು ದೇವರಿಗೆ, ನಿಮಗಲ್ಲ ಎಂದು ಅಲ್ಲಿನ ಗುಮಾಸ್ತೆ ಕೈತೊಳೆದುಕೊಂಡ. ಎರಡನೆಯ ಸಲ ಷಡಕ್ಷರಿ ಊಟಕ್ಕೆ ಹೋಗಿದ್ದ. ಮೂರನೆಯ ಸಲ, ಕಾದು ಬಾಡಿದ ಮುಖ ನೋಡಿ ಅವನಿಗೂ ಕನಿಕರವಾಗಿರಬೇಕು. "ಈಗ ಪೂಜೆ ಮಾಡ್ತಿರೋರ ಕೈಲಾದ್ರೂ ಬರೆಸಿ ಸ್ವಾಮಿ, ಇವರು ಕೆಲಸ ಬಿಟ್ಟಿದಾರೆ ಅಂತ. ನಾನು ಮೇಲಕ್ಕೆ ಕಳಿಸ್ತೀನಿ. ಬಾಕಿ ತೀರಿಹೋಗುತ್ತೆ."

ದೇವಸ್ಥಾನದ ತೋರಣ ಕಟ್ಟಲು ಮೂರು ದಿನ ಹೇಳಿಸಿಕೊಳ್ಳುವ ಕೇದಾರ, ಕೇಳಿದ ಸಂಜೆಗೇ ಕಾಗದ ತಂದ. ತಾನೇ ಛಾಪಾ ಕಾಗದ ಕೊಂಡು, ಟೈಪು ಮಾಡಿಸಿ, ರುಜು ಹಾಕಿಯೂ ಆಗಿತ್ತು. "ಸದರಿ ಯೋಗಾನರಸಿಂಹ ಭಟ್ಟರು ಪೂಜಾಕೈಂಕರ್ಯವನ್ನು ಬಿಟ್ಟಿದ್ದು, ಅದನ್ನು ನಾನೇ ನಡೆಸಿಕೊಂಡು ಬರುತ್ತಿದ್ದೇನೆ." ಒಂದಲ್ಲ, ಎರಡು ಪ್ರತಿ.

"ಎರಡನೇದು ಯಾಕಪ್ಪ?" ಎಂದು ಕೇಳಿದವರು ಭಟ್ಟರ ಹೆಂಡತಿ ಶ್ರೀರಂಗಮ್ಮ.

"ಮನೇಲೊಂದು ಇರಲಿ ಅಂತ ಅತ್ತಿಗೆ. ಅಣ್ಣಯ್ಯ ಎರಡಕ್ಕೂ ಕೆಳಗೊಂದು ರುಜು ಹಾಕಿಬಿಡಲಿ."

"ಇವತ್ತು ಕೈ ನೋಯುತ್ತೆ ಕಣೋ" ಎಂದು ಭಟ್ಟರು ಒಂದು ಪ್ರತಿಯನ್ನು ಮಾತ್ರ ಇಟ್ಟುಕೊಂಡಿದ್ದರು. ಅವನು ಹೋದ ಮೇಲೆ ಶ್ರೀರಂಗಮ್ಮ ಅಕ್ಕಿ ಆರಿಸುತ್ತಲೇ, "ನಿಮ್ಮ ಕೈ ನೆಟ್ಟಗಾಗೋದನ್ನ ಕಾಯ್ತಿರೋಳು ನಾನೊಬ್ಬಳೇ ಅಂತ ಕಾಣುತ್ತೆ" ಎಂದಿದ್ದರು.

ಈಗ, ಭಟ್ಟರು ಕೊನೆಗೂ ಚೀಲದಿಂದ ತೆಗೆದುಕೊಟ್ಟ ಆ ಕಾಗದವನ್ನು ಷಡಕ್ಷರಿ ಬಿಡಿಸಿ ಓದಿ, ಸಮಾಧಾನದಿಂದ ತಲೆಯಾಡಿಸಿದ. "ಇದೇ ಸಾಕು. ಇಲ್ಲಿ ಕೆಳಗೆ ನೀವೂ ಹಾಕಿ."

ಭಟ್ಟರು ಲೇಖನಿ ತೆಗೆದುಕೊಂಡರು. ಒಪ್ಪಿದರೆ ಸಾಲ ಹೋಗುತ್ತದೆ. ಜೊತೆಗೆ ಬರುವ ಸಂಕ್ರಾಂತಿಯೂ ಹೋಗುತ್ತದೆ. ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗುವಷ್ಟು ತ್ರಾಣ ಉಳಿದಿರಲಿಲ್ಲ.

"ಒಂದು ಬಿಳಿ ಹಾಳೆ ಕೊಡ್ತೀರಾ?"

ಕೊನೆಯ ಮೇಜಿನಲ್ಲಿ ಕುಳಿತು, ನಡುನಡುವೆ ಕೈ ಜಾಡಿಸುತ್ತ, ಅರ್ಧ ಗಂಟೆ ಬರೆದರು: "ನನಗೆ ಮಾಲೀಕರಿಲ್ಲ, ಆದ್ದರಿಂದ ನನ್ನನ್ನು ಕೆಲಸದಿಂದ ತೆಗೆಯುವವರೂ ಇಲ್ಲ. ಇದನ್ನು ತಿಳಿದೂ ಕೆಲಸ ಹೋದವರಿಗಾಗಿ ಇರುವ ವಿಮೆಯನ್ನು ನನಗೆ ಮಾರಿದ್ದು ತಪ್ಪು. ಇದುವರೆಗೆ ಕಟ್ಟಿಸಿಕೊಂಡ ಕಂತುಗಳನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ."

ಷಡಕ್ಷರಿ ಕನ್ನಡಕ ತೆಗೆದ. "ಇಪ್ಪತ್ತೆರಡು ಸಾವಿರ ಬಿಟ್ಟು ನಾಲ್ಕು ಸಾವಿರಕ್ಕೆ ಜಗಳ ಆಡ್ತೀರಲ್ಲ ಸ್ವಾಮಿ. ಅದೂ ಬರುತ್ತೆ ಅಂತ ನಾನು ಹೇಳಲಾರೆ."

"ಮಾಡಿದ ಸಾಲ ಕಟ್ತೀನಿ. ಇದಕ್ಕೆ ಮೊಹರು ಹಾಕಿಕೊಡಿ."

ಅವನು ಕಡತದ ಮಾದರಿ ಸಹಿಗೆ ದೂರಿನ ಸಹಿಯನ್ನು ಹೋಲಿಸಿ ನೋಡಿದ. ಹಳೆಯದು ಕೊರೆದಿಟ್ಟಂತಿತ್ತು, ಹೊಸದು ಮಗುವಿನ ಬರಹದಂತೆ ನಡುಗಿತ್ತು. "ರುಜು ಹೊಂದಲ್ಲ. ಬೇಜಾರು ಮಾಡ್ಕೋಬೇಡಿ. ಎಡಗೈ ಹೆಬ್ಬೆಟ್ಟು ಒತ್ತಿಬಿಡಿ."

ಹನ್ನೆರಡು ವರ್ಷ ವೇದ ಓದಿದ ಭಟ್ಟರು ಒಂದು ಗಳಿಗೆ ಆ ಶಾಯಿಯ ಡಬ್ಬಿಯನ್ನು ನೋಡಿದರು. ಆಮೇಲೆ ಒತ್ತಿದರು. ಷಡಕ್ಷರಿ ಮೊಹರು ಹಾಕಿ, ದೂರಿನ ನಕಲನ್ನೂ ಕೇದಾರನ ಕಾಗದವನ್ನೂ ಕೈಗಿತ್ತ.

ಊರು ಸೇರುವಾಗ ಸಂಜೆಯ ಪೂಜೆಯ ಹೊತ್ತು. ಕೇದಾರ ದೇವಸ್ಥಾನದ ಬಾಗಿಲಿನಲ್ಲೇ ಕಾಯುತ್ತಿದ್ದ.

"ಕೆಲಸ ಆಯ್ತೇ ಅಣ್ಣಯ್ಯ?"

"ಇಲ್ಲಪ್ಪ. ನಿನ್ನ ಕಾಗದ ತಗೋ. ಸಂಕ್ರಾಂತಿಗೆ ನಾನೇ ಬರ್ತೀನಿ."

ಅವನ ಕಣ್ಣು ಭಟ್ಟರ ಮೊಣಕೈಯ ಮೇಲೆ ನಿಂತಿತು. "ಆರತಿ ಎತ್ತಕ್ಕೆ ಆಗುತ್ತಾ?"

"ಎತ್ತೋವಷ್ಟು ಎತ್ತುತೀನಿ."

ಭಟ್ಟರು ಒಳಕ್ಕೆ ಹೋಗಲಿಲ್ಲ. ಬಾವಿಕಟ್ಟೆಯ ಬಳಿ ಕುಳಿತು, ಹುಣಸೆಹಣ್ಣು ಹಚ್ಚಿ, ಎಡಗೈ ಹೆಬ್ಬೆರಳನ್ನು ಉಜ್ಜತೊಡಗಿದರು. ಬಲಗೈಗೆ ಬೇಗ ಸೋಲು ಬರುತ್ತಿತ್ತು. ನಿಲ್ಲಿಸುವುದು, ಮತ್ತೆ ಉಜ್ಜುವುದು. ಒಳಗೆ ಗಂಟೆ ಬಾರಿಸಿದಾಗಲೂ ಉಗುರಿನ ಸಂದಿಯಲ್ಲಿ ನೀಲಿ ಉಳಿದೇ ಇತ್ತು.