ಗೋಡೆಗೆ ಬೆನ್ನು ಮಾಡಿ ನಿಂತ ವ್ಯಾನು

ಶಿವಕುಮಾರಿಯ ವ್ಯಾನು ಹೊಗೆ ಉಗುಳಲು ಶುರುಮಾಡಿ ಮೂರು ವಾರವಾಗಿತ್ತು. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಸೈಲೆನ್ಸರಿನಿಂದ ಭಸ್ಸೆಂದು ನೀಲಿ ಹೊಗೆ ಬರುತ್ತಿತ್ತು. ಎರಡು ನಿಮಿಷದಲ್ಲಿ ನಿಂತುಹೋದರೆ ಮುಗಿಯಿತು, ಆಮೇಲೆ ದಿನವಿಡೀ ಓಡಿಸಿದರೂ ಒಂದೆಳೆ ಕಾಣುತ್ತಿರಲಿಲ್ಲ.

ವಡಾಲದ ಚಾಳುಗಳಿಂದ ಎಂಟು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು ಅವಳ ಕೆಲಸ. ಒಂಬತ್ತನೆಯವಳು ಅವಳದೇ ಮಗಳು, ಏಳು ವರ್ಷದ ನೇತ್ರಾ. ಗಂಡ ಮರೆಪ್ಪ ಬೊರಿವಲಿಯಲ್ಲಿ ಒಂದು ಬಿಲ್ಡಿಂಗಿನ ಕೆಲಸಕ್ಕೆ ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದ. ಹೆಂಗಸು ಓಡಿಸುವ ವ್ಯಾನಿಗೆ ಮಕ್ಕಳನ್ನು ಹತ್ತಿಸಲು ತಾಯಂದಿರು ಒಪ್ಪುವುದಕ್ಕೇ ಎರಡು ವರ್ಷ ಹಿಡಿದಿತ್ತು. ಈಗ ಈ ಹೊಗೆಯನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ತಾಯಂದಿರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ? ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗಲೇ ಬೆಂಕಿ ಹೊತ್ತಿಕೊಂಡರೆ? ಅವಳಿಗೆ ನಿದ್ದೆ ಹಾರಿಹೋಗಿತ್ತು. ದಿನವೂ ಸಂಜೆ ವ್ಯಾನನ್ನು ಹಿಂದಕ್ಕೆ ತಂದು, ಅದರ ಬಾಲ ಕಾಂಪೌಂಡ್ ಗೋಡೆಗೆ ಗೇಣು ದೂರವಿರುವಂತೆ ನಿಲ್ಲಿಸತೊಡಗಿದಳು. ಬೆಳಗಿನ ಹೊಗೆ ರಸ್ತೆಯವರಿಗೆ ಕಾಣದಿದ್ದರೆ ಸಾಕಿತ್ತು.

ಕೊನೆಗೆ ತಡೆಯಲಾರದೆ ಸೇತುವೆಯ ಕೆಳಗಿನ ಗ್ಯಾರೇಜಿನ ನೀಲಕಂಠಪ್ಪನ ಬಳಿ ಹೋದಳು. ಅವನು ಯಾದಗಿರಿ ಕಡೆಯವನು, ಅವಳ ತವರಿನ ಪಕ್ಕದ ಊರಿನವನು.

"ಈಗ ಇಂಜಿನ್ ಬಿಸಿ ಐತಿ ತಂಗಿ, ಏನೂ ತಿಳಿಯಂಗಿಲ್ಲ," ಎಂದ ಅವನು. "ರಾತ್ರಿ ಪೂರಾ ತಣ್ಣಗಾಗ್ಲಿ. ನಾಳೆ ಮುಂಜಾನೆ ನಾನ ಬರ್ತೀನಿ. ಅಲ್ಲೀತನಕ ಚಾಲೂ ಮಾಡಬ್ಯಾಡ."

ಮರುದಿನ ಆರೂಕಾಲಿಗೆ ಅವನು ಕೊಡೆ ಹಿಡಿದು ಬಂದ. ಮಳೆ ಜೋರಾಗಿತ್ತು. ವ್ಯಾನಿನ ಗಾಜುಗಳೆಲ್ಲ ಮುಚ್ಚಿದ್ದವು. ನೇತ್ರಾ ಎಂದಿನಂತೆ ಎಲ್ಲರಿಗಿಂತ ಮೊದಲು ಹತ್ತಿ, ಹಿಂದಿನ ಸೀಟಿನಲ್ಲಿ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು.

ನೀಲಕಂಠಪ್ಪ ಮೊದಲು ಆಯಿಲ್ ನೋಡಿದ, ಕಡಿಮೆಯಾಗಿತ್ತು. ರೇಡಿಯೇಟರಿನ ನೀರು ಇದ್ದಷ್ಟೇ ಇತ್ತು. "ಹಾಂ, ಹಚ್ಚು," ಎಂದ.

ಭಸ್ಸೆಂದು ಹೊಗೆ ಬಂದು ಗೋಡೆಗೆ ಬಡಿಯಿತು. ಅವನು ಸೈಲೆನ್ಸರಿನ ಬಾಯಿಗೆ ಬಿಳಿ ಕಾಗದ ಹಿಡಿದ. ಅದರ ಮೇಲೆ ಸಣ್ಣ ಎಣ್ಣೆಹನಿಗಳು ಮೂಡಿದವು. ಮೂಸಿ ನೋಡಿದ.

"ಬಿಳಿ ಹೊಗಿ ಬಂದು ನೀರು ಕಡಿಮಿ ಆಗಿದ್ರ ಅಂಜಬೇಕಿತ್ತು. ಇದು ಆಯಿಲ್ ಸುಡಾಕತ್ತಿದ್ದು. ಒಳಗಿನ ವಾಲ್ವ್ ಸೀಲ್ ಸವದಾವ. ರಾತ್ರಿಯೆಲ್ಲ ಆಯಿಲ್ ಹನಿಹನಿ ಇಳದು ಕುಂತಿರ್ತೈತಿ, ಮುಂಜಾನೆ ಸುಟ್ಟು ಹೋಗ್ತೈತಿ."

"ಬೆಂಕಿ ಹತ್ತಂಗಿಲ್ಲಲ್ರಿ ಅಣ್ಣಾರ?"

"ಇಲ್ಲವ್ವ. ಹತ್ತು ನಿಮಿಷ ಹಿಂಗ ಓಡ್ಲಿ. ಆಮ್ಯಾಲ ರೇಸ್ ಕೊಟ್ಟಾಗ ಮತ್ತ ಹೊಗಿ ಬಂತಂದ್ರ ಸೀಲೇ, ಪಕ್ಕಾ."

ಮೂರು ವಾರದ ಭಾರ ಇಳಿದಂತಾಯಿತು. ಇಬ್ಬರೂ ಕೊಡೆಯ ಕೆಳಗೆ ನಿಂತು ಊರಿನ ಮಾತಾಡಿದರು. ಆಮೇಲೆ ಅವಳು ಮುಂದಿನ ಬಾಗಿಲನ್ನು ಅರ್ಧ ತೆರೆದು ಹೊರಗಿನಿಂದಲೇ ಎಕ್ಸಲರೇಟರ್ ಒತ್ತಿದಳು. ಹೊಗೆ ಬಂತು. ನೀಲಕಂಠಪ್ಪ ಕೊಡೆ ಕೆಳಗಿಟ್ಟು, ಒದ್ದೆ ನೆಲಕ್ಕೆ ಮೊಣಕಾಲೂರಿ ವ್ಯಾನಿನ ಅಡಿಗೆ ಬಗ್ಗಿದ.

"ತಂಗಿ, ಹೊಗಿ ಬಾಯಿಂದಷ್ಟ ಬರಾಕತ್ತಿಲ್ಲ. ನಡುವ ಪೈಪು ತುಕ್ಕು ಹಿಡದು ಒಡದೈತಿ. ಅಲ್ಲಿಂದ ಮ್ಯಾಲ ಏರಾಕತ್ತೈತಿ." ಅವನು ತಟ್ಟನೆ ತಲೆ ಎತ್ತಿದ. ಹಿಂದಿನ ಗಾಜು ಒಳಗಿನಿಂದ ಮಂಜಾಗಿತ್ತು. "ಒಳಗ ಯಾರದಾರ?"

ಶಿವಕುಮಾರಿ ಓಡಿಹೋಗಿ ಪಕ್ಕದ ಬಾಗಿಲನ್ನು ಎಳೆದಳು.

"ನೇತ್ರಾ. ಏಳವ್ವ. ನೇತ್ರಾ!"

ಮಗಳ ಕೆನ್ನೆ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ಭುಜ ಹಿಡಿದು ಅಲುಗಿಸಿದರೆ ತಲೆ ಒಂದು ಕಡೆಗೆ ಹೊರಳಿತು, ಕಣ್ಣು ತೆರೆಯಲಿಲ್ಲ. ಎಷ್ಟೋ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಹೀಗೆಯೇ ಎಬ್ಬಿಸಿದ್ದು, ಮಗು "ಸರ್ ದುಖ್ತಾ ಹೈ ಮಮ್ಮಿ" ಎಂದು ನೋಯುವ ತಲೆ ಹಿಡಿದುಕೊಂಡು ಅತ್ತದ್ದು, ಸೋಮಾರಿ ಎಂದು ತಾನು ಬೈದದ್ದು ಎಲ್ಲ ಅವಳಿಗೆ ಒಮ್ಮೆಗೇ ನೆನಪಾಯಿತು. ನೀಲಕಂಠಪ್ಪನೇ ಮಗುವನ್ನು ಎತ್ತಿ ಮಳೆಗೆ ತಂದ. ಇಂಜಿನ್ ಆರಿಸಿ, ರಸ್ತೆಗೆ ಓಡಿ, ಅಡ್ಡ ನಿಂತು ಒಂದು ಟ್ಯಾಕ್ಸಿ ತಡೆದ.

ಟ್ಯಾಕ್ಸಿಯ ಕಿಟಕಿಗಳನ್ನೆಲ್ಲ ಇಳಿಸಿದರು. ಮಳೆ ಮುಖಕ್ಕೆ ರಾಚುತ್ತಿತ್ತು. ಶಿವಕುಮಾರಿ ಮಗಳ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದಳು. ಬರುವುದು ಉಸಿರೋ ಗಾಳಿಯೋ ತಿಳಿಯುತ್ತಿರಲಿಲ್ಲ. ಎರಡನೆಯ ಸಿಗ್ನಲ್ಲಿನಲ್ಲಿ ನೇತ್ರಾ ಮುಲುಗಿ ಅವಳ ಮಡಿಲಿಗೇ ವಾಂತಿ ಮಾಡಿಕೊಂಡಳು. ಶಿವಕುಮಾರಿ ಆ ಮುಖವನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ರಜೆಯ ದಿನ ತಲೆನೋವು ಇರುತ್ತಿತ್ತೇ ಎಂದು ಡಾಕ್ಟರು ಕೇಳಿದರು. ಇರುತ್ತಿರಲಿಲ್ಲ. ಇಂಜಿನ್ನಿನ ಹೊಗೆಯೊಂದಿಗೆ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹಿಂದೆ ಗೋಡೆ ಇದ್ದದ್ದರಿಂದ ಹೊರಗೆ ಹೋಗಲು ಅದಕ್ಕೆ ದಾರಿಯೂ ಇರಲಿಲ್ಲ ಎಂದು ಅವರು ವಿವರಿಸಿದರು. ಗೋಡೆಯ ಮಾತು ಬಂದಾಗ ಅವಳು ತಲೆ ಎತ್ತಲಿಲ್ಲ.

ಫೋನು ಒಂದೇ ಸಮನೆ ನಡುಗುತ್ತಿತ್ತು. ವ್ಯಾನು ಎಲ್ಲಿ ಎಂದು ತಾಯಂದಿರು ಕೇಳುತ್ತಿದ್ದರು. ಪಂಕ್ಚರ್ ಎಂದರೆ ಇವತ್ತಿನ ಮಟ್ಟಿಗೆ ಮುಗಿಯುತ್ತಿತ್ತು. ಆದರೆ ಅವಳು ದನಿ ಮುದ್ರಿಸುವ ಗುಂಡಿ ಒತ್ತಿ, ತನಗೆ ಬಂದಷ್ಟು ಹಿಂದಿಯಲ್ಲಿ ನಡೆದದ್ದೆಲ್ಲ ಹೇಳಿ ಗ್ರೂಪಿಗೆ ಕಳಿಸಿದಳು. ನಿಮ್ಮ ಮಕ್ಕಳನ್ನೂ ಡಾಕ್ಟರಿಗೆ ತೋರಿಸಿ ಎಂದಳು.

ಆಸ್ಪತ್ರೆಗೆ ಮೊದಲು ಬಂದವಳು ವ್ಯಾನಿನ ಮಕ್ಕಳಲ್ಲೊಬ್ಬನಾದ ಪ್ರೀತಮನ ತಾಯಿ, ಉಡುಪಿಯ ರಾಧಿಕಾ. ಮಗನ ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು.

"ಇವನಿಗೂ ಎರಡು ವಾರದಿಂದ ತಲೆನೋವು ಮಾರಾಯ್ತಿ! ಕಣ್ಣಿಂದು ಅಂತ ನಾನು ಕನ್ನಡಕ ಮಾಡಿಸಿದೆ. ನಿನಗೆ ಹೊಗೆ ಕಂಡಿತ್ತಲ್ಲ, ಯಾಕೆ ಹೇಳಲಿಲ್ಲ?"

"ಅಂಜಿಕಿ ಆತ್ರಿ ಅಕ್ಕಾರ," ಎಂದಳು ಶಿವಕುಮಾರಿ.

ರಾಧಿಕಾ ಆಕ್ಸಿಜನ್ ಮಾಸ್ಕ್ ಹಾಕಿಕೊಂಡಿದ್ದ ಮಗುವನ್ನು ನೋಡಿದಳು. ಮಗನನ್ನು ಡಾಕ್ಟರ ಬಳಿಗೆ ಕರೆದೊಯ್ದಳು.

ಪ್ರೀತಮನಿಗೆ ಅಪಾಯವಿರಲಿಲ್ಲ. ನೇತ್ರಾ ಮೂರನೆಯ ದಿನ ಮನೆಗೆ ಬಂದಳು. ನೀಲಕಂಠಪ್ಪ ಸೀಲು, ಪೈಪು, ವ್ಯಾನಿನ ತಳದ ತಗಡು ಎಲ್ಲ ಬದಲಿಸಿದ. ಎಂಟು ಮಕ್ಕಳಲ್ಲಿ ಐವರು ಬೇರೆ ವ್ಯಾನಿಗೆ ಹೋದರು. ಮೂವರು ಉಳಿದರು, ಪ್ರೀತಮನೂ ಅವರಲ್ಲಿದ್ದ.

ಈಗ ವ್ಯಾನಿನಿಂದ ಹೊಗೆ ಬರುವುದಿಲ್ಲ. ಆದರೂ ಪ್ರತಿ ಸಿಗ್ನಲ್ಲಿನಲ್ಲಿ ಶಿವಕುಮಾರಿ ಹಿಂದೆ ತಿರುಗಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾಳೆ. ಹಸಿರು ದೀಪ ಬಂದು ಹಿಂದಿನವರು ಹಾರನ್ ಹೊಡೆದರೂ, ನಾಲ್ಕು ದನಿಗಳು ಕೇಳುವವರೆಗೆ ಅವಳ ಕಾಲು ಬ್ರೇಕಿನಿಂದ ಏಳುವುದಿಲ್ಲ.