ಕೇಳಿಯೇ ಸೇರಿದ ಮಗಳು

ಓದು ಮುಗಿದ ಮನೆಯಲ್ಲಿ ಸಂತೋಷ ಎರಡು ದಿನ ಇರುತ್ತದೆ. ಮೂರನೆಯ ದಿನದಿಂದ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ "ಮುಂದೇನು?" ಎಂದು ಶುರುಮಾಡುತ್ತಾರೆ. ಒಬ್ಬ ಲಿಫ್ಟ್ ಮೆಕ್ಯಾನಿಕ್ ಮನೆಯಲ್ಲೂ ಹಾಗೇ ಆಯಿತು. ಮಗಳು ಸೂಕ್ಷ್ಮಜೀವಿಗಳ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಅಂಕವೂ ಚೆನ್ನಾಗಿತ್ತು. ಕೆಳಮನೆಯವರು ಕೇಳಿದರು, ಅಂಗಡಿಯವರು ಕೇಳಿದರು, ಕೊನೆಗೆ ಅಪ್ಪನೂ ಕೇಳಿದರು.

"ಪಿಎಚ್.ಡಿ. ಮಾಡ್ತೀನಪ್ಪ," ಎಂದಳು ಮಗಳು.

ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ ಅಪ್ಪ ಬಟ್ಟೆಯನ್ನು ಪಕ್ಕಕ್ಕೆಸೆದರು. "ಇನ್ನೂ ಓದಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಪುಟ್ಟಿ. ಇನ್ನೂ ನಾಲ್ಕೈದು ವರ್ಷ ಫೀಸು ಕಟ್ಟೋಕೆ ನಾನೇನು ಲಿಫ್ಟ್ ಕಂಪನಿ ಓನರಾ?"

ಅಮ್ಮನಿಗೆ ಮಗಳ ಆಸೆ ಗೊತ್ತಿತ್ತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವರು. ಚಿಕ್ಕಂದಿನಿಂದ ಅಲ್ಲಿಗೆ ಹೋಗಿ ಬಂದು ಮಾಡಿದ ಮಗಳ ತಲೆಯಲ್ಲಿ ಒಂದೇ ಹುಳ ಹೊಕ್ಕಿತ್ತು: ಆಸ್ಪತ್ರೆಯ ನೀರಿನ ಪೈಪಿನೊಳಗೆ ರೋಗಾಣುಗಳು ಲೋಳೆ ಕಟ್ಟಿಕೊಂಡು ಹೇಗೆ ಬದುಕುತ್ತವೆ, ಅವನ್ನು ಅಲ್ಲಿಂದ ಓಡಿಸುವುದು ಹೇಗೆ? ಊಟಕ್ಕೆ ಕೂತಾಗಲೂ ಅದೇ ಲೋಳೆಯ ಮಾತು. ಪಾಪ, ಉಳಿದವರ ಗಂಟಲಲ್ಲಿ ತುತ್ತು ಇಳಿಯಬೇಡವೇ!

ಆ ಸಂಜೆ ಮೇಲ್ಮನೆ ಅಕ್ಕ ಬಂದಳು. ಅವಳೂ ಸಂಶೋಧನಾ ವಿದ್ಯಾರ್ಥಿನಿ. ಮೊದಲು ಒಂದು ಲ್ಯಾಬಿಗೆ ಕಣ್ಣು ಮುಚ್ಚಿಕೊಂಡು ಸೇರಿ, ಅತ್ತುಕೊಂಡು ಹೊರಬಂದು, ಆಮೇಲೆ ಬೇರೊಂದರಲ್ಲಿ ನೆಲೆ ಕಂಡವಳು. ಪೆಟ್ಟು ತಿಂದವಳ ಮಾತು, ಹಾಗಾಗಿ ತೂಕದ ಮಾತು.

"ಅಂಕಲ್, ದುಡ್ಡು ನೀವು ಕೊಡೋದಲ್ಲ, ಯೂನಿವರ್ಸಿಟಿಯವರೇ ಕೊಡೋದು. ವಿಜ್ಞಾನದಲ್ಲಿ ಪೂರ್ತಿ ಸಮಯದ ಪಿಎಚ್.ಡಿ. ಅಂದ್ರೆ ಎಷ್ಟೋ ಕಡೆ ತಿಂಗಳು ತಿಂಗಳು ಸ್ಟೈಪೆಂಡ್ ಬರುತ್ತೆ. ಕೆಲವು ಕಡೆ ಫೀಸೂ ಮಾಫಿ."

"ಓದೋಕೆ ಸಂಬಳವಾ? ನನ್ನ ಕಿವಿ ಮೇಲೆ ಹೂ ಇಡ್ಬೇಡ ಕಣಮ್ಮ."

"ಓದೋಕಲ್ಲ ಅಂಕಲ್, ಕೆಲಸಕ್ಕೆ. ಇವಳು ದಿನಾ ಪ್ರಯೋಗ ಮಾಡ್ತಾಳೆ, ತಪ್ಪಿದ್ರೆ ಮತ್ತೆ ಮಾಡ್ತಾಳೆ, ಹೊಸದು ಕಂಡುಹಿಡೀತಾಳೆ. ದುಡಿದೋರಿಗೆ ಕೂಲಿ ಬೇಡ್ವಾ? ಆದ್ರೆ ಎಲ್ಲ ಕಡೆ ಒಂದೇ ಥರ ಇರಲ್ಲ. ಎಲ್ಲಿ ಕೊಡ್ತಾರೆ, ಎಷ್ಟು ವರ್ಷ ಕೊಡ್ತಾರೆ ಅಂತ ನಾವೇ ವಿಚಾರಿಸ್ಬೇಕು."

"ನೋಡೋಣ," ಎಂದರು ಅಪ್ಪ. ಆ ಮನೆಯಲ್ಲಿ 'ನೋಡೋಣ' ಎಂದರೆ ಅರ್ಧ ಒಪ್ಪಿಗೆ.

ಅರ್ಧ ಒಪ್ಪಿಗೆ ಸಿಕ್ಕಿದ್ದೇ ತಡ, ಮಗಳು ಕೂತಲ್ಲೇ ಒಂದು ಪತ್ರ ಬರೆದು ಕಂಡ ಕಂಡ ಪ್ರೊಫೆಸರುಗಳಿಗೆಲ್ಲ ಮೇಲ್ ಮಾಡಿದಳು. 'ಗೌರವಾನ್ವಿತ ಸರ್, ನಿಮ್ಮ ಮಹತ್ತರ ಸಂಶೋಧನೆಯಿಂದ ಪ್ರಭಾವಿತಳಾಗಿದ್ದೇನೆ...' ವಾರಗಳು ಕಳೆದವು. ಒಂದು ಉತ್ತರವೂ ಇಲ್ಲ. ಮೇಲ್ಮನೆ ಅಕ್ಕ ಅದನ್ನು ಓದಿ ಹಣೆ ಚಚ್ಚಿಕೊಂಡಳು.

"ಅಲ್ವೇ, ಮದುವೆ ಕಾರ್ಡ್ ಹಂಚಿದ ಹಾಗೆ ಹಂಚಿದೀಯಲ್ಲ! ಇದ್ರಲ್ಲಿ ಅರ್ಧ ಜನ ಮೇಡಂಗಳು. ಅವರಿಗೂ ಸರ್ ಅಂದಿದೀಯ. ಅವರ ಯಾವ ಸಂಶೋಧನೆ ಓದಿದೀಯ ಹೇಳು ನೋಡೋಣ."

ಮಗಳು ಪೆಚ್ಚಾಗಿ ನಕ್ಕಳು.

"ನಿನ್ನ ಲೋಳೆ ಪುರಾಣ ಯಾರಿಗೆ ಬೇಕೋ ಅಂಥ ನಾಲ್ಕು ಜನರನ್ನ ಹುಡುಕು. ಅವರು ಬರೆದಿರೋದನ್ನ ಓದು. ಓದಿದ್ಮೇಲೆ ಏನು ಅನ್ನಿಸ್ತು, ನಿನಗೇನು ಬರುತ್ತೆ, ಅಲ್ಲಿ ಏನು ಮಾಡೋ ಆಸೆ, ಅಷ್ಟೇ ಬರಿ. ಚಿಕ್ಕದಾಗಿರಲಿ. ನಿನ್ನ ಮೇಷ್ಟ್ರ ಹತ್ರ ಶಿಫಾರಸು ಪತ್ರ ಈಗ್ಲೇ ಕೇಳು. ಕೊನೇ ದಿನ ಹೋಗಿ ಬಾಗಿಲು ಬಡಿದ್ರೆ ಪಾಪ ಅವರಾದ್ರೂ ಏನು ಬರೀತಾರೆ? ಅರ್ಜಿ ಫೀಸು ಭಾರ ಅನ್ನಿಸಿದ್ರೆ ಮಾಫಿ ಮಾಡ್ತೀರಾ ಅಂತ ಆಫೀಸಿಗೆ ಬರೆದು ಕೇಳು."

"ಮಾಫಿ ಕೇಳೋದಾ? ನಮ್ಮ ಮಾನ ಏನಾಗ್ಬೇಕು?" ಎಂದು ಅಪ್ಪ ಒಳಗಿನಿಂದ ಕೂಗಿದರು.

"ಕೊಡೋ ನಿಯಮ ಇದ್ದ ಕಡೆ ಕೇಳಿದ್ರೆ ಮಾನ ಹೋಗಲ್ಲ ಅಂಕಲ್!"

ಮಗಳು ಬರೆದು ಕೇಳಿದಳು, ಒಂದು ಕಡೆ ಮಾಫಿಯೂ ಆಯಿತು. ಅವತ್ತು ಅಪ್ಪ ತಾವೇ ಎದ್ದು ಎಲ್ಲರಿಗೂ ಟೀ ಮಾಡಿದರು.

ಹೊಸ ಪತ್ರಗಳಿಗೆ ಉತ್ತರ ಬಂತು. ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ. ಮೊದಲನೆಯದು ಬಹಳ ದೊಡ್ಡ ಹೆಸರಿನ ಪ್ರೊಫೆಸರದು. ಪತ್ರಿಕೆಯಲ್ಲಿ ಫೋಟೋ ಬರುವಂಥವರು. ಹೊರಡುವ ಮುನ್ನ ಅಕ್ಕ ಹೇಳಿದಳು: "ಕೊನೇಲಿ, ಏನಾದ್ರೂ ಕೇಳೋದಿದ್ಯಾ ಅಂತಾರೆ. ಇಲ್ಲ ಅಂತ ತಲೆ ಆಡಿಸಿ ಬರಬೇಡ. ಸ್ಟೈಪೆಂಡ್ ಎಷ್ಟು ವರ್ಷ ಖಾತ್ರಿ, ಪ್ರಾಜೆಕ್ಟ್ ದುಡ್ಡು ನಿಂತ್ರೆ ಗತಿಯೇನು, ಇಲ್ಲಿಯವರು ಎಷ್ಟು ವರ್ಷಕ್ಕೆ ಮುಗಿಸಿದಾರೆ, ಕೆಲಸ ಮಾಡಿದೋರ ಹೆಸರು ಸಂಶೋಧನಾ ಪೇಪರಲ್ಲಿ ಎಲ್ಲಿ ಬರುತ್ತೆ, ಕೇಳು. ಈಗಿರೋ ವಿದ್ಯಾರ್ಥಿಗಳ ಜೊತೆ ಒಬ್ಬಳೇ ಕೂತು ಮಾತಾಡ್ಬಹುದಾ ಅಂತ್ಲೂ ಕೇಳು."

ಅಪ್ಪನಿಗೆ ಸಿಟ್ಟು ಬಂತು. "ಏನಮ್ಮ ಇದು, ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸಿದ ಹಾಗೆ! ಅಷ್ಟು ದೊಡ್ಡೋರು ಕರೆದಿದಾರೆ. ಕೈ ಮುಗಿದು, ಆಗಲಿ ಸಾರ್ ಅಂತ ಬಂದ್ರೆ ಸಾಲದಾ?"

"ಇದು ದಾನ ಅಲ್ಲ ಅಂಕಲ್. ಇವಳ ಬದುಕಿನ ಐದು ವರ್ಷ."

ಸಂದರ್ಶನ ನಡೆದದ್ದು ಉದ್ದ ಮೇಜಿನ ಕೋಣೆಯಲ್ಲಿ. ಪ್ರೊಫೆಸರು ತಲೆಕಡೆಗೆ ಕೂತಿದ್ದರು. ಅವರ ವಿದ್ಯಾರ್ಥಿಗಳು ಗೋಡೆಯ ಪಕ್ಕ ಸಾಲಾಗಿ, ತಲೆ ತಗ್ಗಿಸಿ, ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ವಿಷಯದ ಪ್ರಶ್ನೆಗಳಿಗೆಲ್ಲ ಮಗಳು ಪಟಪಟನೆ ಉತ್ತರ ಕೊಟ್ಟಳು. ಪ್ರೊಫೆಸರು ಮೆಚ್ಚಿ, "ಮುಂದಿನ ತಿಂಗಳೇ ಬಾ," ಎಂದರು. ಆಮೇಲೆ ಕೇಳುವುದೇನಾದರೂ ಇದೆಯೇ ಎಂದರು. ಮಗಳು ಕೇಳಿದಳು. ಮೊದಲು ಸ್ಟೈಪೆಂಡಿನದು, ಆಮೇಲೆ ವಿದ್ಯಾರ್ಥಿಗಳ ಜೊತೆ ಮಾತಾಡುವುದು.

ಗೋಡೆ ಪಕ್ಕದ ತಲೆಗಳೆಲ್ಲ ಒಮ್ಮೆಗೇ ಮೇಲೆದ್ದವು. ಪ್ರೊಫೆಸರ ಮುಖ ಗಂಟಾಯಿತು.

"ನನ್ನ ಲ್ಯಾಬಿಗೆ ಬರೋಕೆ ಜನ ಸಾಲುಗಟ್ಟಿ ನಿಂತಿದಾರೆ. ಇನ್ನೂ ಒಳಗೆ ಕಾಲಿಟ್ಟಿಲ್ಲ, ಆಗ್ಲೇ ದುಡ್ಡಿನ ಮಾತಾ? ಇವರು ಯಾರೂ ಇವತ್ತಿನವರೆಗೆ ಇಂಥ ಪ್ರಶ್ನೆ ಕೇಳಿಲ್ಲ. ನೀನು ಹೊರಡಬಹುದು."

ಮಗಳು ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದಳು. ಅಪ್ಪ ಮೇಲ್ಮನೆ ಅಕ್ಕನನ್ನು ಕರೆಸಿ ನಿಲ್ಲಿಸಿಕೊಂಡರು. "ಬೆಣ್ಣೆ ಬರೋ ಹೊತ್ತಿಗೆ ಮಡಕೆ ಒಡೆದೆಯಲ್ಲಮ್ಮ! ಕೈಗೆ ಬಂದಿದ್ದ ಸೀಟು." ಮಗಳು ಕಣ್ಣೊರೆಸಿಕೊಂಡು, "ಇರೋದು ಇನ್ನೊಂದೇ ಸಂದರ್ಶನ. ಅಲ್ಲಿ ನಾನು ಬಾಯಿ ಬಿಡಲ್ಲ," ಎಂದಳು.

ಇಷ್ಟು ಹೊತ್ತು ಬಟ್ಟೆ ಮಡಚುತ್ತಿದ್ದ ಅಮ್ಮ ಈಗ ಗಂಡನ ಕಡೆ ತಿರುಗಿದರು.

"ಏನ್ರೀ, ಹೊಸ ಬಿಲ್ಡಿಂಗಿನ ಲಿಫ್ಟ್ ಕೆಲಸ ಹಿಡಿಯೋ ಮುಂಚೆ ನೀವೇನು ಮಾಡ್ತೀರಿ?"

"ಮೆಷಿನ್ ರೂಮ್ ನೋಡ್ತೀನಿ. ಹಗ್ಗ, ಬ್ರೇಕ್ ನೋಡ್ತೀನಿ."

"ಆಮೇಲೆ?"

"ಮುಂಚೆ ಇದ್ದ ಮೆಕ್ಯಾನಿಕ್ ಯಾಕೆ ಬಿಟ್ಟ ಅಂತ ಕೇಳ್ತೀನಿ."

"ಓನರ್ ಸಿಟ್ಟಾದ್ರೆ?"

"ಸಿಟ್ಟಾದ್ರೆ ಆ ಕೆಲಸಾನೇ ಬೇಡ ಅಂತೀನಿ. ಏನೋ ಮುಚ್ಚಿಡ್ತಿದಾನೆ ಅಂತ ಅರ್ಥ..." ಅಪ್ಪನ ಮಾತು ಅರ್ಧಕ್ಕೇ ನಿಂತಿತು. ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಮನುಷ್ಯ ಮುಂಗೋಪಿ ನಿಜ, ಆದರೆ ನ್ಯಾಯ ಕಂಡರೆ ತಲೆಬಾಗುವವರು.

"ಒಂದು ಹಗ್ಗಕ್ಕೆ ಅಷ್ಟು ಕೇಳ್ತೀನಿ, ಮಗಳಿಗೆ ಕೇಳ್ಬೇಡ ಅಂದೆನಲ್ಲ," ಎಂದರು. ಆಮೇಲೆ ಕುರ್ಚಿ ಎಳೆದು ಮಗಳ ಎದುರು ಕೂತರು. "ಪುಟ್ಟಿ, ಅಲ್ಲೂ ಕೇಳು. ಹೋದ್ರೆ ಹೋಗ್ಲಿ. ಆ ಲ್ಯಾಬ್ ಬಿಟ್ಟು ಹೋದೋರು ಯಾರು, ಯಾಕೆ ಹೋದ್ರು, ಅದನ್ನೂ ಕೇಳು."

ಎರಡನೆಯ ಲ್ಯಾಬ್ ಚಿಕ್ಕದು. ಪ್ರೊಫೆಸರ್ ಮೇಡಂ ಮೇಜಿನ ಮೇಲೆ ಸೀಳಿದ ಹಳೆಯ ಪೈಪಿನ ತುಂಡು ಇತ್ತು. ಅದನ್ನು ನೋಡಿಯೇ ಮಗಳಿಗೆ ಅರ್ಧ ಧೈರ್ಯ ಬಂತು. ಕೊನೆಯಲ್ಲಿ ಕೇಳುವ ಹೊತ್ತು ಬಂದಾಗ ಮೊದಲ ಸಂದರ್ಶನ ನೆನಪಾಯಿತು. ಆದರೂ ಒಂದನ್ನೂ ಬಿಡದೆ ಕೇಳಿದಳು, ಅಪ್ಪ ಹೇಳಿಕೊಟ್ಟದ್ದನ್ನೂ ಸೇರಿಸಿ.

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. "ಕೇಳೋರು ಒಬ್ಬರಾದ್ರೂ ಬಂದ್ರಲ್ಲ! ಮೊದಲ ಮೂರು ವರ್ಷ ಸ್ಟೈಪೆಂಡ್ ವಿಶ್ವವಿದ್ಯಾಲಯದ್ದು, ಆಮೇಲಿನ ಎರಡು ವರ್ಷದ್ದು ನನ್ನ ಪ್ರಾಜೆಕ್ಟಿಂದ. ಪ್ರಾಜೆಕ್ಟ್ ನಿಂತ್ರೆ ವಿಭಾಗದಲ್ಲಿ ಪಾಠ ಮಾಡೋ ಕೆಲಸ ಕೊಟ್ಟು ಸ್ಟೈಪೆಂಡ್ ಮುಂದುವರಿಸ್ತೀವಿ. ಎಲ್ಲಾ ಬರವಣಿಗೆಯಲ್ಲಿ ಕೊಡ್ತೀನಿ, ಬಾಯಿಮಾತು ನಂಬಬೇಡಿ, ನಂದಾದ್ರೂ ಸರಿ. ಈಗ ನನ್ನ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿಗೆ ಹೋಗಿ. ನಾನು ಬರಲ್ಲ. ಬಿಟ್ಟು ಹೋದ ಹುಡುಗನನ್ನೂ ಕೇಳಿ, ನೀವು ಫೋನ್ ಮಾಡ್ತೀರಿ ಅಂತ ಅವನಿಗೆ ನಾನೇ ತಿಳಿಸ್ತೀನಿ."

ಕ್ಯಾಂಟೀನಿನಲ್ಲಿ ಹಿರಿಯ ವಿದ್ಯಾರ್ಥಿನಿ ಮುಚ್ಚುಮರೆಯಿಲ್ಲದೆ ಹೇಳಿದಳು: "ಮೇಡಂ ಸಿಡುಕ್ತಾರಪ್ಪ. ವರದಿ ಕಳಿಸೋ ವಾರ ಹತ್ತಿರ ಹೋಗ್ಬೇಡ. ಆದ್ರೆ ಪ್ರಯೋಗ ಕೆಟ್ಟರೆ ಬೈಯಲ್ಲ. ಕೆಟ್ಟಿದ್ದನ್ನ ಮುಚ್ಚಿಟ್ರೆ ಮಾತ್ರ ಬಿಡಲ್ಲ. ನಮ್ಮ ಕೆಲಸಕ್ಕೆ ನಮ್ಮದೇ ಹೆಸರು ಮೊದಲು." ಬಿಟ್ಟು ಹೋದವನು ಫೋನಿನಲ್ಲಿ, "ನಂಗೆ ವಿಷಯ ಒಗ್ಗಲಿಲ್ಲ. ಬೇರೆ ಕಡೆ ಸೇರೋಕೆ ಮೇಡಮ್ಮೇ ಪತ್ರ ಬರೆದುಕೊಟ್ರು," ಎಂದ. ಮಗಳ ಎದೆಯಿಂದ ಕಲ್ಲು ಇಳಿಯಿತು.

ಪ್ರವೇಶ ಪತ್ರ ಬಂದ ದಿನ ಅಪ್ಪ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ಐದು ವರ್ಷದ ಸ್ಟೈಪೆಂಡ್, ರಜೆ, ಪ್ರಾಜೆಕ್ಟ್ ನಿಂತರೆ ಏನು ಎಂಬುದು, ಎಲ್ಲ ಕಪ್ಪು ಶಾಯಿಯಲ್ಲಿತ್ತು. ಊರ ಲಿಫ್ಟ್‌ಗಳನ್ನೆಲ್ಲ ರಿಪೇರಿ ಮಾಡುವ ಆ ಮನುಷ್ಯನ ಕಟ್ಟಡಕ್ಕೇ ಲಿಫ್ಟಿಲ್ಲ. ಆದರೂ ಮೇಲಿನ ಮಹಡಿಯವರೆಗೆ ಹತ್ತಿ ಬಾಗಿಲು ಬಾಗಿಲು ಬಡಿದು, "ನನ್ನ ಮಗಳು ಕೇಳಿ ಸೇರ್ತಿದಾಳೆ!" ಎಂದು ಸಾರಿ ಬಂದರು. ಮೇಲ್ಮನೆ ಅಕ್ಕನ ಬಾಗಿಲಲ್ಲಿ ಮಾತ್ರ ನಿಂತು, "ಅವತ್ತು ಬೈದಿದ್ದಕ್ಕೆ ತಪ್ಪು ತಿಳ್ಕೋಬೇಡಮ್ಮ," ಎಂದರು.

ಮಗಳು ಸೇರುವ ಹಿಂದಿನ ವಾರ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ದೊಡ್ಡ ಪ್ರೊಫೆಸರ ಲ್ಯಾಬಿನ ವಿದ್ಯಾರ್ಥಿ. ಗೋಡೆ ಪಕ್ಕ ಕೂತಿದ್ದವರಲ್ಲಿ ಒಬ್ಬ. ಮಗಳು ಸ್ಪೀಕರಿಗೆ ಹಾಕಿದಳು.

"ಅವತ್ತು ನೀವು ಕೇಳಿದ್ರಲ್ಲ, ನಮಗೆ ತಿಂಗಳುಗಟ್ಟಲೆ ಸ್ಟೈಪೆಂಡೇ ಬಂದಿರ್ಲಿಲ್ಲ. ಬಾಯಿ ಬಿಡೋಕೆ ಎಲ್ರಿಗೂ ಭಯ. ನೀವು ಹೋದ್ಮೇಲೆ ನಾವು ಮೊದಲನೇ ಸಲ ಒಬ್ಬರ ಮುಖ ಒಬ್ಬರು ನೋಡಿದ್ವಿ. ಎಲ್ಲ ಸೇರಿ ವಿದ್ಯಾರ್ಥಿ ಕಚೇರಿಗೆ ಹೋಗಿ ಬರೆದುಕೊಟ್ವಿ. ನಿನ್ನೆ ಎಲ್ರ ಖಾತೆಗೂ ಬಾಕಿಯೆಲ್ಲ ಬಂತು. ನಿಮ್ಮ ಅರ್ಜೀಲಿದ್ದ ನಂಬರ್ ನೋಡಿ, ಹೇಳೋಣ ಅಂತ ಫೋನ್ ಮಾಡಿದೆ."

ಅಪ್ಪ ಫೋನಿಗೆ ಬಾಗಿ, ಯಾರೆಂದೂ ಹೇಳಿಕೊಳ್ಳದೆ, "ಶಭಾಷ್ ಮಕ್ಕಳಾ!" ಎಂದು ಕೂಗಿದರು. ಆ ಕಡೆಯಿಂದ ಹಲವು ಜನ ಒಟ್ಟಿಗೆ ನಕ್ಕದ್ದು ಕೇಳಿಸಿತು.

ಇದನ್ನು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಮಕ್ಕಳನ್ನು ಮುಂದೆ ಓದಿಸಲು ಹಿಂಜರಿಯುತ್ತಿರುವ ಅಪ್ಪ ಅಮ್ಮಂದಿರೇ, ದುಡ್ಡಿಲ್ಲ ಎಂದು ಮೊದಲೇ ಕೈಚೆಲ್ಲಬೇಡಿ. ಸ್ಟೈಪೆಂಡ್, ಫೆಲೋಶಿಪ್, ಫೀಸು ಮಾಫಿ ಎಲ್ಲಿದೆ ಎಂದು ವಿಚಾರಿಸಿ. ಸೀಟು ಸಿಕ್ಕಿತೆಂದು ಕುಣಿಯುವ ಮುಂಚೆ ಅಲ್ಲಿ ಈಗಿರುವವರನ್ನೂ ಬಿಟ್ಟು ಹೋದವರನ್ನೂ ಮಾತಾಡಿಸಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೇಳಿದರೆ ಒಂದು ಬಾಗಿಲು ಮುಚ್ಚಬಹುದು, ಮುಚ್ಚಲಿ. ಅದೇ ಕೋಣೆಯ ಗೋಡೆ ಪಕ್ಕ ನಿಮ್ಮ ಪ್ರಶ್ನೆಗಾಗಿ ಕಾಯುತ್ತಾ ಯಾರೋ ತಲೆ ತಗ್ಗಿಸಿ ಕೂತಿರುತ್ತಾರೆ. ಅವರಿಗೂ ಕೇಳಿಸುವಂತೆ ಗಟ್ಟಿಯಾಗಿ ಕೇಳಿ.